ಬೈಕಿನ ಪೆಟ್ರೋಲ್ ಟ್ಯಾಂಕ್: ರಚನೆ ಅರಿತು ಬಿಚ್ಚುವುದು, ತುಕ್ಕು ತೆಗೆಯುವುದು, ಮತ್ತೆ ಕೂರಿಸುವುದು

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿ ತಿಂಗಳು ತುಂಬುವುದರೊಳಗೆ ಬೈಕು ಮತ್ತೆ ತಡವರಿಸತೊಡಗಿದರೆ, ಇನ್ನೊಮ್ಮೆ ಕಾರ್ಬ್ಯುರೇಟರ್‌ಗೆ ಕೈ ಹಾಕುವ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಸ್ವಲ್ಪ ದೂರದಿಂದ ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿ. ತಳದಲ್ಲಿ ಕೆಂಗಂದು ಪುಡಿ, ಗೋಡೆಯ ಮೇಲೆ ಹುರುಪೆ ಕಂಡರೆ ರೋಗದ ಮೂಲ ಅಲ್ಲಿದೆ. ಕಾರ್ಬ್ಯುರೇಟರ್‌ನ ಜೆಟ್‌ಗಳನ್ನು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳನ್ನು, ಎಷ್ಟು ಸಲ ಊದಿದರೂ ಮೇಲಿನಿಂದ ತುಕ್ಕು ಇಳಿಯುತ್ತಲೇ ಇರುತ್ತದೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯಮಹಾ ಆರ್‌ಎಕ್ಸ್ 100 ತಯಾರಿಕೆಯೂ ಅದೇ ವರ್ಷ ನಿಂತಿತು. ಅಂದರೆ ನಮ್ಮ ರಸ್ತೆಗಳಲ್ಲಿ ಇಂದಿಗೂ ಓಡುತ್ತಿರುವ ಆ ಕಾಲದ ಯೆಜ್ಡಿ, ಆರ್‌ಎಕ್ಸ್ 100ಗಳಲ್ಲಿ ತೀರಾ ಎಳೆಯದಕ್ಕೂ ಮೂವತ್ತು ವರ್ಷದ ಆಸುಪಾಸಿನ ವಯಸ್ಸು. ಅಷ್ಟು ಮಳೆಗಾಲ ಕಂಡ ಉಕ್ಕಿನ ತಗಡು ಒಳಗಿನಿಂದ ಸುಮ್ಮನಿರುವುದಿಲ್ಲ. ಈ ಬರಹ ಮುಖ್ಯವಾಗಿ ಇಂಥ ಕಾರ್ಬ್ಯುರೇಟರ್ ಬೈಕುಗಳಿಗಾಗಿ. ಹಳೆಯ ಸ್ಪ್ಲೆಂಡರ್, ಬುಲೆಟ್‌ಗಳಿಗೂ ಇದೇ ಕ್ರಮ. ಕಾರ್ಬ್ಯುರೇಟರ್ ಬದಲು ಪಂಪಿನ ಒತ್ತಡದಿಂದ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಬೈಕುಗಳ ಮಾತು ಕೊನೆಯ ಕಡೆ ಬರುತ್ತದೆ.

ಟ್ಯಾಂಕಿನ ಶತ್ರು ನೀರು. ಅದು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗಬಲ್ಲದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದು ಟ್ಯಾಂಕಿನ ರಚನೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ರಚನೆಯನ್ನು ನೋಡೋಣ.

ಒಳಗಿನ ಆಕಾರ

ಹೊರಗಿನಿಂದ ಟ್ಯಾಂಕು ಒಂದೇ ಉಬ್ಬಿನಂತೆ ಕಾಣುತ್ತದೆ. ಬಿಚ್ಚಿ ತಿರುಗಿಸಿದರೆ ನಡುವೆ ಉದ್ದಕ್ಕೆ ಒಂದು ಕಾಲುವೆ ಇರುತ್ತದೆ. ಚಾಸಿಯ ಬೆನ್ನು ಕಂಬಿ ಹಾದುಹೋಗುವುದು ಅದರೊಳಗೆ. ಕತ್ತೆಯ ಬೆನ್ನಿನ ಎರಡೂ ಬದಿಗೆ ಇಳಿಬಿಟ್ಟ ಹೇರಿನಂತೆ ಟ್ಯಾಂಕು ಎಡಕ್ಕೂ ಬಲಕ್ಕೂ ಎರಡು ತಗ್ಗು ಹೊಟ್ಟೆಗಳಾಗಿ ಇಳಿದಿರುತ್ತದೆ. ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿಯಾದ ಪೆಟ್ರೋಲ್ ಕಾಕ್ ಇರುವುದು ಸಾಮಾನ್ಯವಾಗಿ ಒಂದೇ ಬದಿಯಲ್ಲಿ. ಇನ್ನೊಂದು ಬದಿಯ ತಳಕ್ಕೆ ಇಳಿದ ನೀರಿಗೆ ಹೊರದಾರಿಯೇ ಇಲ್ಲ. ಹಳೆಯ ಟ್ಯಾಂಕುಗಳು ಕಾಕ್ ಇಲ್ಲದ ಬದಿಯಲ್ಲಿ ಮೊದಲು ತೂತು ಬೀಳಲು ಇದೇ ಕಾರಣ. ಕೆಲವು ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಎರಡೂ ಬದಿಗೆ ಒಂದೊಂದು ಕಾಕ್ ಇರುತ್ತಿತ್ತು. ಖರ್ಚು ಹೆಚ್ಚಾದರೂ ಅದು ಬುದ್ಧಿವಂತ ರಚನೆ.

ಕಾಕ್‌ನ ಒಳಭಾಗದಲ್ಲಿ ಟ್ಯಾಂಕಿನೊಳಕ್ಕೆ ಏರಿ ನಿಂತ ಒಂದು ಸಣ್ಣ ಕೊಳವೆ ಇದೆ. ಕಾಕ್ 'ಆನ್'ನಲ್ಲಿದ್ದಾಗ ಪೆಟ್ರೋಲ್ ಈ ಎತ್ತರದ ಕೊಳವೆಯ ಬಾಯಿಂದ ಇಳಿಯುತ್ತದೆ. 'ರಿಸರ್ವ್'ಗೆ ತಿರುಗಿಸಿದರೆ ತಳಮಟ್ಟದ ರಂಧ್ರದಿಂದ. ರಿಸರ್ವ್ ಎಂಬ ಬೇರೆ ಕೋಣೆ ಯಾವುದೂ ಇಲ್ಲ. ರಿಸರ್ವ್ ಬಳಸದೆಯೇ ವರ್ಷಗಟ್ಟಲೆ ಓಡಿಸುವವರ ಟ್ಯಾಂಕಿನ ತಳದಲ್ಲಿ ನೀರು, ಕೆಸರು ಅಲುಗಾಡದೆ ಕೂತಿರುತ್ತವೆ. ಪೆಟ್ರೋಲ್ ಮುಗಿದು ರಿಸರ್ವ್‌ಗೆ ತಿರುಗಿಸಿದ ದಿನ ಅಷ್ಟೂ ಕಾರ್ಬ್ಯುರೇಟರ್‌ಗೆ ಇಳಿಯುತ್ತದೆ. ಟ್ಯಾಂಕು ಶುಚಿಯಾದ ಮೇಲೆ ತಿಂಗಳಿಗೊಮ್ಮೆಯಾದರೂ ನಾಲ್ಕೈದು ಕಿಲೋಮೀಟರ್ ರಿಸರ್ವ್‌ನಲ್ಲಿ ಓಡಿಸುವುದು ಒಳ್ಳೆಯದು.

ಇನ್ನು ಮುಚ್ಚಳ. ಪೆಟ್ರೋಲ್ ಕೆಳಗೆ ಇಳಿದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಗಾಳಿರಂಧ್ರ ಇರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಬೈಕು ಕೆಲವು ಕಿಲೋಮೀಟರ್ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ನಿಂತಾಗ ಮುಚ್ಚಳ ತೆರೆದರೆ 'ಹುಸ್' ಎಂದು ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಕೇಳಿಸುತ್ತದೆ. ಈ ಸದ್ದನ್ನು ಅರಿಯದೆ ಪ್ಲಗ್, ಕಾಯಿಲ್ ಎಲ್ಲ ಬದಲಿಸಿ ಹಣ ಕಳೆದುಕೊಂಡವರು ಬಹಳ.

ಟ್ಯಾಂಕಿನ ಮೇಲ್ಮೈಗೆ ಸಮನಾಗಿ ಕೂರುವ, ಕೀಲಿ ಹಾಕಿ ಎತ್ತುವ ಮುಚ್ಚಳಗಳಿಗೆ ಇನ್ನೊಂದು ಅಂಗ ಇದೆ. ಮುಚ್ಚಳದ ಸುತ್ತಲಿನ ತಗ್ಗಿಗೆ ಬಿದ್ದ ಮಳೆನೀರು ಹರಿದು ಹೋಗಲು ಒಂದು ಸಣ್ಣ ರಂಧ್ರ ಮತ್ತು ಟ್ಯಾಂಕಿನ ಮೂಲಕ ಕೆಳಗೆ ಇಳಿಯುವ ಕೊಳವೆ. ಎಲೆ, ಮಣ್ಣು ಸೇರಿ ಅದು ಕಟ್ಟಿಕೊಂಡರೆ ನೀರು ತಗ್ಗಿನಲ್ಲಿ ನಿಂತು, ರಬ್ಬರ್ ಸೀಲ್ ಸ್ವಲ್ಪ ಗಟ್ಟಿಯಾಗಿದ್ದರೂ ಸಾಕು, ಒಳಗೆ ಜಿನುಗುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬಯಲಲ್ಲಿ ನಿಲ್ಲುವ ಬೈಕುಗಳ ಟ್ಯಾಂಕಿಗೆ ನೀರು ಸೇರುವ ಮುಖ್ಯ ದಾರಿ ಇದು. ಜೂನ್ ಬರುವ ಮೊದಲು ಈ ರಂಧ್ರಕ್ಕೆ ಒಂದು ಲೋಟ ನೀರು ಸುರಿದು, ಅದು ಎಂಜಿನ್ ಕೆಳಗಿನ ಕೊಳವೆಯಿಂದ ಸಲೀಸಾಗಿ ಬೀಳುತ್ತದೆಯೇ ಎಂದು ನೋಡಿ. ಇದನ್ನು ನೋಡುವಾಗ ಟ್ಯಾಂಕಿನ ಮುಚ್ಚಳ ಮುಚ್ಚಿಯೇ ಇರಲಿ. ಕಟ್ಟಿಕೊಂಡಿದ್ದರೆ ನೈಲಾನ್ ದಾರವನ್ನೋ ತೆಳು ಕೇಬಲನ್ನೋ ತೂರಿಸಿ ಬಿಡಿಸಿ. ಗಡುಸು ತಂತಿಯಿಂದ ಚುಚ್ಚಿದರೆ ಕೊಳವೆ ಹರಿದು ನೀರು ಒಳಗೇ ಇಳಿದೀತು.

ಎಥೆನಾಲ್ ಬಂದ ಮೇಲೆ

ಶೇಕಡಾ 20 ಎಥೆನಾಲ್ (ಮದ್ಯಸಾರ) ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟಿದ್ದು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ. ಹಳೆಯ ಬೈಕಿನ ಟ್ಯಾಂಕಿಗೆ ಇದರ ಪರಿಣಾಮ ಮೂರು ಬಗೆಯದು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರನ್ನು ಅದು ತನ್ನಲ್ಲೇ ಕರಗಿಸಿಟ್ಟುಕೊಂಡು ಎಂಜಿನ್ನಿಗೆ ಸಾಗಿಸಿಬಿಡುತ್ತದೆ; ಆ ಮಟ್ಟಿಗೆ ಒಳ್ಳೆಯದೇ. ಮಿತಿ ಮೀರಿದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಥೆನಾಲ್ ಶೇಕಡಾ 10 ಇದ್ದಾಗ ಆ ಮಿತಿ ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರು. ಎಥೆನಾಲ್ ಹೆಚ್ಚಿದಂತೆ ಮಿತಿಯೂ ಹೆಚ್ಚುತ್ತದೆ. ಹೀಗೆ ಬೇರ್ಪಟ್ಟ ಪದರ ತಗಡನ್ನು ಬಹಳ ಬೇಗ ತಿನ್ನುತ್ತದೆ. ಎರಡನೆಯದು, ಎಥೆನಾಲ್ ಹಳೆಯ ಅಂಟನ್ನು ಕರಗಿಸುತ್ತದೆ. ವರ್ಷಗಳಿಂದ ಗೋಡೆಗೆ ಕಚ್ಚಿಕೊಂಡಿದ್ದ ಕೊಳೆ ಒಮ್ಮೆಲೇ ಕಳಚಿ ಕಾಕ್‌ನ ಜಾಲರಿಗೆ ಬಂದು ಕೂರುತ್ತದೆ. ಮೂರನೆಯದು, ಹಳೆಯ ಕಾಲದ ರಬ್ಬರ್ ಪೈಪು, ಓರಿಂಗ್‌ಗಳು ಉಬ್ಬುತ್ತವೆ ಅಥವಾ ಸೀಳುತ್ತವೆ. ಟ್ಯಾಂಕು ಬಿಚ್ಚುವ ಕೆಲಸಕ್ಕೆ ಕೂತಾಗ ಪೈಪು, ಕಾಕ್ ವಾಷರ್, ಮುಚ್ಚಳದ ಸೀಲ್ ಮೂರನ್ನೂ ಹೊಸದು ತಂದಿಟ್ಟುಕೊಳ್ಳಿ. ಎಥೆನಾಲ್ ತಾಳುವಂಥದ್ದೇ ಬೇಕೆಂದು ಅಂಗಡಿಯಲ್ಲಿ ಕೇಳಿ ಪಡೆಯಿರಿ.

ಬಿಚ್ಚುವ ಮೊದಲು

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆಯವರೆಗೂ ಹೋಗಬಲ್ಲದು. ಆದ್ದರಿಂದ ಕೆಲಸ ಅಂಗಳದಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಆಗಬೇಕು. ಹತ್ತಿರ ಬೀಡಿ, ಸಿಗರೇಟು, ದೀಪ, ನೀರೆತ್ತುವ ಮೋಟಾರು, ಚಾರ್ಜಿಗೆ ಹಾಕಿದ ಫೋನು ಯಾವುದೂ ಬೇಡ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಒಂದು ಬಕೆಟ್ ಒಣ ಮರಳು ಪಕ್ಕದಲ್ಲಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದನ್ನು ಮರೆಯಬೇಡಿ. ಉರಿಯುವುದು ಆವಿ, ಮತ್ತು ಖಾಲಿ ಟ್ಯಾಂಕಿನ ತುಂಬ ಇರುವುದು ಅದೇ.

ಮೊದಲು ನೀರಿನ ಪರೀಕ್ಷೆ. ಬೈಕನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಿ. ಕಾರ್ಬ್ಯುರೇಟರ್ ಕಡೆಯ ಪೈಪಿನ ಕ್ಲಿಪ್ ತೆಗೆದು, ಪೈಪಿನ ತುದಿಯನ್ನು ಒಂದು ಸಣ್ಣ ಗಾಜಿನ ಬಾಟಲಿಗೆ ಬಿಟ್ಟು, ಕಾಕನ್ನು ರಿಸರ್ವ್‌ಗೆ ತಿರುಗಿಸಿ ಕಾಲು ಲೀಟರ್‌ನಷ್ಟು ಇಳಿಸಿ. ಹತ್ತು ನಿಮಿಷದ ನಂತರ ತಳದಲ್ಲಿ ಬೇರೆ ಪದರ ಕಂಡರೆ ನೀರಿದೆ. ಪೆಟ್ರೋಲ್ ಹಾಲಿನಂತೆ ಮಸುಕಾಗಿದ್ದರೂ ನೀರಿದೆ. ತಳದಲ್ಲಿ ಕೆಂಪು ಪುಡಿ ಕೂತರೆ ತುಕ್ಕು. ಇದೇ ಹೊತ್ತಿಗೆ ಗಾಳಿರಂಧ್ರವನ್ನೂ ನೋಡಿಬಿಡಬಹುದು: ಮುಚ್ಚಳ ಭದ್ರವಾಗಿದ್ದಾಗ ಧಾರೆ ಕ್ರಮೇಣ ಸಣ್ಣದಾಗಿ, ಮುಚ್ಚಳ ಸಡಿಲಿಸಿದಾಗ ಮತ್ತೆ ಜೋರಾದರೆ ರಂಧ್ರ ಕಟ್ಟಿದೆ ಎಂದರ್ಥ.

ಬಾಟಲಿಯಲ್ಲಿ ಬಂದದ್ದು ಬರೀ ಸ್ವಲ್ಪ ನೀರಾಗಿದ್ದು, ಒಳಗೋಡೆ ಹೊಳೆಯುತ್ತಿದ್ದರೆ ಪೂರ್ತಿ ಪೆಟ್ರೋಲ್ ಇಳಿಸಿ, ಹೊಸದು ತುಂಬಿದರೆ ಸಾಕು. ಆಮ್ಲ ತುಂಬಿ ತುಕ್ಕು ತೆಗೆಯುವ ಕೆಲಸಕ್ಕೆ ಕೈ ಹಾಕಬೇಡಿ. ಆಮ್ಲ ತುಕ್ಕಿನ ಜೊತೆಗೆ ತಗಡಿನ ಒಳಗಿರುವ ರಕ್ಷಣಾ ಲೇಪವನ್ನೂ ತೆಗೆಯುತ್ತದೆ.

ಬಿಚ್ಚುವುದು

ಟ್ಯಾಂಕಿನ ಪೆಟ್ರೋಲನ್ನು ಲೋಹದ ಕ್ಯಾನಿಗೆ ಇಳಿಸಿ. ಹಾಲಿನ ಪ್ಲಾಸ್ಟಿಕ್ ಕ್ಯಾನು, ನೀರಿನ ಬಾಟಲಿ ಬೇಡ. ನಂತರ ಸೀಟು ತೆಗೆಯಿರಿ. ಬಹುತೇಕ ಹಳೆಯ ಬೈಕುಗಳಲ್ಲಿ ಟ್ಯಾಂಕಿನ ಹಿಂಬದಿಯನ್ನು ಸೀಟಿನ ಕೆಳಗೆ ಒಂದೇ ಬೋಲ್ಟ್ ಅಥವಾ ರಬ್ಬರ್ ಪಟ್ಟಿ ಹಿಡಿದಿರುತ್ತದೆ. ಮುಂಭಾಗ ಹ್ಯಾಂಡಲ್ ಹತ್ತಿರ ಚಾಸಿಯ ಎರಡು ರಬ್ಬರ್ ಗುಂಡಿಗಳ ಮೇಲೆ ಕೂತಿರುತ್ತದೆ. ಬೋಲ್ಟ್ ತೆಗೆದು, ಹಿಂಬದಿಯನ್ನು ಸ್ವಲ್ಪ ಎತ್ತಿ, ಟ್ಯಾಂಕನ್ನು ಸೀಟಿನ ಕಡೆಗೆ ಎಳೆದರೆ ಮುಂದಿನ ಹಿಡಿತ ಬಿಡುತ್ತದೆ. ಪೆಟ್ರೋಲ್ ಮೀಟರ್ ಇರುವ ಬೈಕಾದರೆ ಪೂರ್ತಿ ಎತ್ತುವ ಮೊದಲು ಕೆಳಗಿನ ಸಂವೇದಕದ ತಂತಿಯನ್ನು ಕಳಚಬೇಕು. ಅವಸರದಲ್ಲಿ ಈ ತಂತಿ ಕಿತ್ತುಹೋಗುವುದು ಬಹಳ ಸಾಮಾನ್ಯ. ಬೋಲ್ಟಿನ ಜೊತೆ ಬರುವ ವಾಷರ್, ಲೋಹದ ಬುಷ್, ರಬ್ಬರ್ ಯಾವ ಕ್ರಮದಲ್ಲಿದ್ದವು ಎಂದು ಫೋಟೊ ತೆಗೆದಿಟ್ಟುಕೊಳ್ಳಿ.

ಒಂದು ಬೋಲ್ಟು, ಒಂದು ಪೈಪು, ಒಂದು ತಂತಿ: ಹಳೆಯ ಬೈಕುಗಳ ಈ ಸರಳತೆ ನನಗೆ ಬಹಳ ಇಷ್ಟ. ಸುಲಭವಾಗಿ ಬಿಚ್ಚಬಹುದಾದ ಟ್ಯಾಂಕನ್ನು ಮಾಲೀಕ ವರ್ಷಕ್ಕೊಮ್ಮೆ ನೋಡುತ್ತಾನೆ. ಹೊದಿಕೆಯ ಮೇಲೆ ಹೊದಿಕೆ ಇರುವುದನ್ನು ಕೆಟ್ಟಾಗ ಮಾತ್ರ ನೋಡುತ್ತಾನೆ. ಬೈಕು ಕೊಳ್ಳುವಾಗ ಟ್ಯಾಂಕಿನ ಅಂದದ ಜೊತೆಗೆ ಅದನ್ನು ತೆಗೆಯಲು ಎಷ್ಟು ಭಾಗ ಬಿಚ್ಚಬೇಕು ಎಂದೂ ಕೇಳಬೇಕು.

ಬಿಚ್ಚಿದ ಟ್ಯಾಂಕನ್ನು ಹಳೆಯ ಕಂಬಳಿಯ ಮೇಲೆ ಮಗುಚಿ, ಕಾಕ್ ಮತ್ತು ಮೀಟರಿನ ತೇಲುಗುಂಡಿನ ಜೋಡಣೆಯನ್ನು ತೆಗೆಯಿರಿ. ಬಗ್ಗಿದ ತೇಲು ತಂತಿ ಎಂದೂ ಸರಿಯಾದ ಮಟ್ಟ ತೋರಿಸುವುದಿಲ್ಲ. ಅದನ್ನು ಓರೆಯಾಗಿಸಿ ನಿಧಾನವಾಗಿ ಹೊರತೆಗೆಯಬೇಕು. ಮ್ಯಾಗ್ನೆಟ್ ಹಚ್ಚಿ ನೋಡಿ: ಅಂಟದಿದ್ದರೆ ಟ್ಯಾಂಕು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್. ಮುಂದೆ ಹೇಳುವ ಆಮ್ಲದ ಕ್ರಮ ಉಕ್ಕಿಗೆ ಮಾತ್ರ.

ತುಕ್ಕು ತೆಗೆಯುವುದು

ಮೊದಲ ತೊಳೆತ ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವದಿಂದ. ಎರಡು ಮೂರು ಸಲ ತುಂಬಿ, ಕುಲುಕಿ, ಚೆಲ್ಲಿ. ಪೆಟ್ರೋಲಿನ ಜಿಡ್ಡು, ಹಳೆಯ ಆಯಿಲ್ ಹೋಗದಿದ್ದರೆ ಆಮ್ಲ ತುಕ್ಕನ್ನು ಮುಟ್ಟುವುದೇ ಇಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಯೆಜ್ಡಿಯ ಟ್ಯಾಂಕಿಗೆ ಈ ಹಂತ ಇನ್ನಷ್ಟು ಮುಖ್ಯ. ತೊಳೆದ ನೀರನ್ನು ಬಾವಿ, ಗಿಡಗಳ ಹತ್ತಿರ ಚೆಲ್ಲಬೇಡಿ.

ದಪ್ಪ ಹುರುಪೆ ಇದ್ದರೆ ಒಂದಷ್ಟು ನಟ್‌ಗಳನ್ನು ಎಣಿಸಿ ಒಳಗೆ ಹಾಕಿ, ಸ್ವಲ್ಪ ನೀರಿನೊಂದಿಗೆ ಟ್ಯಾಂಕನ್ನು ಎಲ್ಲ ಕಡೆ ಉರುಳಿಸಿ. ಹೊರತೆಗೆಯುವಾಗ ಅಷ್ಟೇ ಸಂಖ್ಯೆ ಬರಬೇಕು. ಜಲ್ಲಿಕಲ್ಲು ಹಾಕುವ ರೂಢಿ ಕೆಲವು ಕಡೆ ಇದೆ. ಅದು ಬೇಡ, ಕಲ್ಲು ಒಡೆದು ಚೂರುಗಳು ಮೂಲೆಯಲ್ಲಿ ಉಳಿಯುತ್ತವೆ.

ಈಗ ಆಮ್ಲ. ಶೌಚಾಲಯ ತೊಳೆಯುವ ಆಮ್ಲವನ್ನು ಸುರಿದು ಅರ್ಧ ಗಂಟೆಯಲ್ಲಿ ಹೊಳೆಯುವಂತೆ ಮಾಡಿಕೊಡುವವರಿದ್ದಾರೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ತುಕ್ಕಿನ ಜೊತೆಗೆ ಒಳ್ಳೆಯ ತಗಡನ್ನೂ ತಿನ್ನುತ್ತದೆ, ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಪೂರ್ತಿ ತೊಳೆಯದಿದ್ದರೆ ಒಂದೆರಡು ದಿನದಲ್ಲೇ ಹೊಸ ತುಕ್ಕು ಹಿಡಿಸುತ್ತದೆ. ನಾನು ಹೇಳುವುದು ಸಿಟ್ರಿಕ್ ಆಮ್ಲವನ್ನು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಬಿಳಿ ಹರಳು. ಒಂದು ಲೀಟರ್ ನೀರಿಗೆ 50ರಿಂದ 60 ಗ್ರಾಂ. 12 ಲೀಟರ್ ಟ್ಯಾಂಕಿಗೆ 600ರಿಂದ 700 ಗ್ರಾಂ ಬೇಕು. ಕೈ ತಾಳುವಷ್ಟು ಬಿಸಿನೀರಿನಲ್ಲಿ ಬಕೆಟ್ಟಿನಲ್ಲೇ ಕರಗಿಸಿಕೊಳ್ಳಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕಾಕ್ ಮತ್ತು ಮೀಟರಿನ ರಂಧ್ರಗಳನ್ನು ಹಳೆಯ ಟ್ಯೂಬಿನ ರಬ್ಬರ್ ಇಟ್ಟು ತಗಡಿನ ತುಂಡಿನಿಂದ ಬೋಲ್ಟ್ ಹಾಕಿ ಮುಚ್ಚಿ. ಟ್ಯಾಂಕಿನ ಮೇಲ್ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ; ಆಮ್ಲ ಸೋರಿ ಒಣಗಿದರೆ ಬಣ್ಣ ಕಲೆಯಾಗುತ್ತದೆ.

ಬಾಯಿವರೆಗೂ ತುಂಬಬೇಕು. ತಳದಷ್ಟೇ ಮೇಲ್ಛಾವಣಿಯೂ ತುಕ್ಕು ಹಿಡಿದಿರುತ್ತದೆ. ಅರ್ಧ ತುಂಬಿದ ಟ್ಯಾಂಕಿನ ಖಾಲಿ ಭಾಗದಲ್ಲಿ ರಾತ್ರಿಯ ತಂಪಿಗೆ ತೇವ ಹನಿಗಟ್ಟುವುದು ಅಲ್ಲೇ. ಬಾಯಿಯನ್ನು ಬಿಗಿಯಾಗಿ ಮುಚ್ಚಬೇಡಿ, ಗುಳ್ಳೆಯಾಗಿ ಏಳುವ ಅನಿಲ ಹೊರಹೋಗಲು ದಾರಿ ಇರಲಿ. ಆರು ಗಂಟೆಗೊಮ್ಮೆ ನೋಡಿ. ಸಾಧಾರಣ ತುಕ್ಕಿಗೆ ಒಂದು ರಾತ್ರಿ ಸಾಕು, ದಪ್ಪದ್ದಕ್ಕೆ 24 ಗಂಟೆ. ಒಳಗೋಡೆ ಬೂದು ಬಣ್ಣಕ್ಕೆ ತಿರುಗಿದ ಕೂಡಲೇ ನಿಲ್ಲಿಸಬೇಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಲೋಹವೇ ಸವೆಯುತ್ತದೆ.

ಈ ಹೊತ್ತಿನಲ್ಲಿ ಟ್ಯಾಂಕಿನ ಕೆಳಗೆ ದಿನಪತ್ರಿಕೆ ಹಾಸಿಡಿ. ತುಕ್ಕೇ ಬಿರಡೆಯಾಗಿ ಮುಚ್ಚಿಕೊಂಡಿದ್ದ ಸೂಜಿತೂತುಗಳು ಆಮ್ಲದಿಂದ ತೆರೆದುಕೊಂಡು ಕಾಗದದ ಮೇಲೆ ಹನಿ ಬೀಳುತ್ತದೆ. ಇದರಿಂದ ಗಾಬರಿಯಾಗಬೇಕಿಲ್ಲ. ತೂತು ಮೊದಲೇ ಇತ್ತು, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹನಿಯುವ ಮೊದಲು ಗೊತ್ತಾಯಿತು. ಅದರ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.

ಆಮ್ಲ ಚೆಲ್ಲಿದ ಮೇಲಿನ ಒಂದು ಗಂಟೆ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಬೆತ್ತಲೆಯಾದ ಒದ್ದೆ ಉಕ್ಕು ಗಾಳಿಗೆ ತೆರೆದುಕೊಂಡ ಕೆಲವೇ ನಿಮಿಷಗಳಲ್ಲಿ ಕೆಂಪಗಾಗತೊಡಗುತ್ತದೆ. ಆದ್ದರಿಂದ ಬೇಕಾದುದೆಲ್ಲ ಕೈಗೆಟುಕುವಂತೆ ಇಟ್ಟುಕೊಂಡೇ ಆಮ್ಲ ಚೆಲ್ಲಿ. ಕೂಡಲೇ ನೀರಿನಿಂದ ಒಮ್ಮೆ ತೊಳೆದು, ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಕರಗಿಸಿದ ನೀರನ್ನು ತುಂಬಿ ಹತ್ತು ನಿಮಿಷ ಬಿಡಿ. ಬೆಸುಗೆಯ ಅಂಚು, ಸಂದುಗಳಲ್ಲಿ ಉಳಿದ ಆಮ್ಲವನ್ನು ಸೋಡಾ ತಣಿಸುತ್ತದೆ. ಮತ್ತೆ ಬಿಸಿನೀರಿನಿಂದ ತೊಳೆಯಿರಿ. ಬಿಸಿ ತಗಡು ಬೇಗ ಆರುತ್ತದೆ. ಎಲ್ಲ ರಂಧ್ರಗಳನ್ನೂ ತೆರೆದು, ಟ್ಯಾಂಕನ್ನು ನಾಲ್ಕೂ ದಿಕ್ಕಿಗೆ ವಾಲಿಸಿ ನೀರು ಬಸಿದು, ಗಾಳಿ ಊದುವ ಯಂತ್ರದಿಂದಲೋ ಕೂದಲು ಒಣಗಿಸುವ ಯಂತ್ರದಿಂದಲೋ ಒಣಗಿಸಿ. ಪೆಟ್ರೋಲಿನ ವಾಸನೆ ಎಳ್ಳಷ್ಟೂ ಉಳಿದಿಲ್ಲ ಎಂದು ಖಚಿತವಾದ ಮೇಲೆಯೇ ವಿದ್ಯುತ್ ಯಂತ್ರ ಹತ್ತಿರ ತರಬೇಕು. ಸಂದೇಹವಿದ್ದರೆ ಕಡುಬಿಸಿಲೇ ಸಾಕು.

ಒಣಗಿದ ತಕ್ಷಣ 100 ಮಿಲಿಲೀಟರ್ ಟು-ಸ್ಟ್ರೋಕ್ ಆಯಿಲಿಗೆ ಅದರ ಎರಡರಷ್ಟು ಪೆಟ್ರೋಲ್ ಬೆರೆಸಿ ಒಳಗೆ ಸುರಿದು, ಛಾವಣಿ, ಮೂಲೆ ಎಲ್ಲ ನೆನೆಯುವಂತೆ ಉರುಳಿಸಿ, ಉಳಿದದ್ದನ್ನು ಬಸಿದುಬಿಡಿ. ಈ ತೆಳು ಆಯಿಲ್ ಪದರವೇ ಟ್ಯಾಂಕು ತುಂಬುವವರೆಗಿನ ಕಾವಲು.

ಒಳಗೆ ಎಪಾಕ್ಸಿ ಲೇಪ ಹಾಕಿಸಬೇಕೇ ಎಂದು ಹಲವರು ಕೇಳುತ್ತಾರೆ. ತೂತುಗಳಿಲ್ಲದಿದ್ದರೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸರಿಯಾಗಿ ಸ್ವಚ್ಛವಾಗದ ಗೋಡೆಗೆ ಹಾಕಿದ ಲೇಪ ಒಂದೆರಡು ವರ್ಷದಲ್ಲಿ ಹಾಳೆಹಾಳೆಯಾಗಿ ಕಳಚಿ ಕಾಕಿಗೆ ಸಿಕ್ಕಿಕೊಳ್ಳುತ್ತದೆ, ಮತ್ತು ಅದನ್ನು ತೆಗೆಯುವುದು ತುಕ್ಕು ತೆಗೆಯುವುದಕ್ಕಿಂತ ಹತ್ತು ಪಟ್ಟು ಕಷ್ಟ. ಹಾಕಿಸಲೇಬೇಕಾದರೆ ಎಥೆನಾಲ್ ತಾಳುವ ಲೇಪವೇ ಇರಲಿ. ಒಂದೆರಡು ತೂತುಗಳನ್ನು ಅನುಭವಿ ಕೆಲಸಗಾರರಿಂದ ಹಿತ್ತಾಳೆ ಬೆಸುಗೆ ಹಾಕಿಸಬಹುದು. ಆದರೆ ಪೆಟ್ರೋಲ್ ಕಂಡ ಟ್ಯಾಂಕಿಗೆ ಜ್ವಾಲೆ ತಾಗಿಸುವುದು ಜೀವಕ್ಕೆ ಅಪಾಯ. ಚೆನ್ನಾಗಿ ತೊಳೆದು, ಆವಿ ಪೂರ್ತಿ ಹೊರಹಾಕುವ ಕ್ರಮ ಗೊತ್ತಿರುವವರ ಕೈಗೆ ಮಾತ್ರ ಕೊಡಿ. ಬೆಸುಗೆ ಹಾಕಿಸುವುದಿದ್ದರೆ ಆಯಿಲ್ ಹಚ್ಚುವ ಮೊದಲೇ ಹಾಕಿಸಬೇಕು.

ಕೂರಿಸುವುದು

ಕಾಕ್‌ನ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ, ಹರಿದಿದ್ದರೆ ಬದಲಿಸಿ. ಕೆಳಗೆ ಬಟ್ಟಲು ಇರುವ ಕಾಕ್ ಆದರೆ ಅದನ್ನೂ ಬಿಚ್ಚಿ. ಕಾಕ್ ತಿರುಪುಗಳನ್ನು ಒಮ್ಮೆ ಅದನ್ನಷ್ಟು, ಒಮ್ಮೆ ಇದನ್ನಷ್ಟು ಬಿಗಿಯಿರಿ. ಅತಿ ಬಿಗಿದರೆ ಕಾಕ್‌ನ ಮೈ ಬಾಗಿ ಸೋರಿಕೆ ಎಂದೂ ನಿಲ್ಲುವುದಿಲ್ಲ. ಮುಂದಿನ ರಬ್ಬರ್ ಗುಂಡಿಗಳು ಗಟ್ಟಿಯಾಗಿದ್ದರೆ ಹೊಸದು ಹಾಕಿ, ಇಲ್ಲವಾದರೆ ಎಂಜಿನ್ನಿನ ನಡುಕ ನೇರವಾಗಿ ತಗಡಿಗೆ ತಲುಪಿ ಹಿಡಿಕೆಯ ಬೆಸುಗೆ ಬಿರುಕು ಬಿಡುತ್ತದೆ. ಪೈಪು ಎಲ್ಲೂ ಮಡಚದೆ, ಸಿಲಿಂಡರಿಗೆ ತಾಗದೆ ಇಳಿಜಾರಾಗಿರಲಿ. ಗುರುತ್ವಾಕರ್ಷಣೆಯಿಂದ ಪೆಟ್ರೋಲ್ ಇಳಿಯುವ ಬೈಕಿನಲ್ಲಿ ಫಿಲ್ಟರ್ ಹಾಕುವುದಾದರೆ ಧಾರೆ ಸಲೀಸಾಗಿ ಇಳಿಯುವಂಥದ್ದನ್ನೇ ಆರಿಸಿ.

ಒಂದು ಲೀಟರ್ ಪೆಟ್ರೋಲ್ ಹಾಕಿ, ಕಾಕ್ ತೆರೆದು, ಹತ್ತು ನಿಮಿಷ ಕಾದು ಎಲ್ಲ ಜೋಡಣೆಯ ಕೆಳಗೂ ಒಣ ಬೆರಳಾಡಿಸಿ ನೋಡಿದ ಮೇಲೆಯೇ ಕಿಕ್ ಹೊಡೆಯಿರಿ. ಚೆನ್ನಾಗಿ ಓಡಿದರೆ ಟ್ಯಾಂಕು ತುಂಬಿಸಿ.

ಇಂಜೆಕ್ಷನ್ ಬೈಕುಗಳು

2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಹುಪಾಲು ಹೊಸ ಬೈಕುಗಳಲ್ಲಿ ಕಾಕ್ ಇಲ್ಲ. ಟ್ಯಾಂಕಿನ ತಳದಲ್ಲೇ ಪಂಪ್, ಫಿಲ್ಟರ್, ಮಟ್ಟ ತೋರಿಸುವ ಸಂವೇದಕ ಒಂದೇ ಜೋಡಣೆಯಾಗಿ ಕೂತಿರುತ್ತವೆ. ಪೈಪಿನೊಳಗಿನ ಒತ್ತಡ ಸುಮಾರು 3 ಬಾರ್. ನೇರವಾಗಿ ಎಳೆದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಮೊದಲು ಪಂಪಿನ ವಿದ್ಯುತ್ ಜೋಡಣೆ ಕಳಚಿ, ಎಂಜಿನ್ ಚಾಲೂ ಮಾಡಿ ತಾನಾಗಿ ನಿಲ್ಲುವವರೆಗೆ ಬಿಟ್ಟು, ಆಮೇಲೆ ಬಟ್ಟೆ ಸುತ್ತಿ ಪೈಪು ತೆಗೆಯಬೇಕು. ಪಂಪ್ ಜೋಡಣೆ ಬಿಚ್ಚಿದರೆ ಗ್ಯಾಸ್ಕೆಟ್ ಹೊಸದೇ ಹಾಕಬೇಕು. ಬೋಲ್ಟುಗಳನ್ನು ಕೈಪಿಡಿ ಹೇಳುವ ಕ್ರಮದಲ್ಲಿ, ಹೇಳಿದಷ್ಟೇ ಬಲದಲ್ಲಿ ಬಿಗಿಯಬೇಕು. ಆ ಉಪಕರಣ ಇಲ್ಲದವರು ಸರ್ವಿಸ್ ಕೇಂದ್ರಕ್ಕೆ ಒಯ್ಯುವುದೇ ಸರಿ. ಪಂಪು ತಣ್ಣಗಿರುವುದು ಅದರ ಸುತ್ತಲಿನ ಪೆಟ್ರೋಲಿನಿಂದ, ಆದ್ದರಿಂದ ಸದಾ ಕೊನೆಯ ಹನಿಯವರೆಗೆ ಓಡಿಸುವ ಅಭ್ಯಾಸ ಬಿಡಿ. ಕತ್ತಿನವರೆಗೆ ತುಂಬಿಸುವುದೂ ಬೇಡ. ಆವಿ ಹೀರುವ ಇದ್ದಿಲಿನ ಡಬ್ಬಿಗೆ ದ್ರವ ಪೆಟ್ರೋಲ್ ಸೇರಿ ಅದು ಕೆಡುತ್ತದೆ.

ನಿಲ್ಲಿಸಿಡುವಾಗ, ಮತ್ತು ಬದಲಿಸಬೇಕಾದಾಗ

ಒಂದೆರಡು ತಿಂಗಳು ನಿಲ್ಲಿಸುವುದಾದರೆ ತಾಜಾ ಪೆಟ್ರೋಲ್ ತುಂಬಿಸಿ, ಒಳಗೆ ಗಾಳಿಗೆ ಜಾಗ ಕಡಿಮೆ ಮಾಡಿ, ಕಾಕ್ ಮುಚ್ಚಿ. ಉಡುಪಿ, ಮಂಗಳೂರಿನ ಕಡೆ ಕೊಲ್ಲಿ ದೇಶಗಳಿಗೆ ಹೋದವರ ಬೈಕು ಮನೆಯ ಚಪ್ಪರದಡಿ ವರ್ಷಗಟ್ಟಲೆ ನಿಲ್ಲುತ್ತದೆ. ಅಷ್ಟು ಕಾಲಕ್ಕೆ ಎಥೆನಾಲ್ ಪೆಟ್ರೋಲನ್ನು ಒಳಗೆ ಬಿಡುವುದು ತಪ್ಪು. ಪೂರ್ತಿ ಇಳಿಸಿ, ಕಾರ್ಬ್ಯುರೇಟರ್ ಬಟ್ಟಲನ್ನೂ ಖಾಲಿ ಮಾಡಿ, ಟ್ಯಾಂಕಿನ ಒಳಗೆ ಆಯಿಲ್ ಲೇಪಿಸಿ ಮುಚ್ಚಿಡಬೇಕು.

ಶುಚಿ ಮಾಡಿದ ಟ್ಯಾಂಕು ನೂರು, ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಜಾಲರಿ ಮತ್ತು ಕಾರ್ಬ್ಯುರೇಟರ್ ಬಟ್ಟಲು ಮತ್ತೊಮ್ಮೆ ನೋಡಿ. ಸ್ವಲ್ಪ ಪುಡಿ ಸಹಜ, ತೊಳೆದರೆ ಮುಗಿಯಿತು. ಮತ್ತೆ ಮತ್ತೆ ಕೆಂಪು ಪುಡಿ ಬರುತ್ತಿದ್ದರೆ, ಅಥವಾ ಕೆಳಗಿನ ಅಂಚಿನ ಬೆಸುಗೆಯುದ್ದಕ್ಕೂ ತೂತುಗಳಿದ್ದರೆ ಆ ಟ್ಯಾಂಕನ್ನು ಬಿಡುವುದೇ ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬದಲಿ ಟ್ಯಾಂಕು ಹುಡುಕುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ನಡುಗಾಲುವೆಯ ಅಗಲ, ಹಿಂಬದಿ ಬೋಲ್ಟಿನ ರಂಧ್ರ, ಕಾಕ್ ಕೂರುವ ರಂಧ್ರಗಳ ಅಂತರ, ಮುಚ್ಚಳದ ಬಾಯಿ ಇವು ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ. ಅಂಗಡಿಯಲ್ಲಿ ಬಹುಕಾಲ ಕೂತ ಹೊಸ ಟ್ಯಾಂಕಿನ ಒಳಗೂ ತುಕ್ಕು ಇರಬಹುದು, ಹಣ ಕೊಡುವ ಮೊದಲು ಅಲ್ಲೇ ಟಾರ್ಚ್ ಬಿಟ್ಟು ನೋಡಿಕೊಳ್ಳಿ.